ಎದ್ದ ಎರಡೇ ಸೆಕೆಂಡಿಗೆ ಆರಿಹೋಗುವ ಮಾನಿಟರ್

ಪ್ರಶ್ನೆ: ಶಿರಸಿಯಲ್ಲಿ ಚಿಕ್ಕದೊಂದು ಡಿಟಿಪಿ ಅಂಗಡಿ ನಡೆಸುತ್ತೇನೆ. 24 ಇಂಚಿನ ಎಲ್‌ಇಡಿ ಮಾನಿಟರ್ ಇದೆ, ತಗೊಂಡು ಏಳು ವರ್ಷ ಆಯಿತು. ಎರಡು ತಿಂಗಳಿಂದ ಒಂದೇ ಕಾಟ. ಊಟ ಮುಗಿಸಿ ಬಂದು ಮೌಸ್ ಅಲ್ಲಾಡಿಸಿದರೆ ಮಾನಿಟರಿನ ದೀಪ ಹತ್ತುತ್ತದೆ, ಲೋಗೋ ಬರುತ್ತದೆ, ಎರಡು ಸೆಕೆಂಡಿಗೆ ಎಲ್ಲ ಆಫ್. ದೀಪವೂ ಇಲ್ಲ. ಬಟನ್ ಒತ್ತಿದರೂ ಜಪ್ಪಯ್ಯ ಅನ್ನುವುದಿಲ್ಲ. ಪ್ಲಗ್ ಕಿತ್ತು ಹತ್ತು ನಿಮಿಷ ಬಿಟ್ಟು ಹಾಕಿದರೆ ಬರುತ್ತದೆ. ಬೆಳಿಗ್ಗೆ ಹೊತ್ತು ಇನ್ನೂ ಜಾಸ್ತಿ, ಮೂರ್ನಾಲ್ಕು ಸಲ ಕಿತ್ತು ಹಾಕಬೇಕು. ಸಿಪಿಯು ಮಾತ್ರ ಆನ್ ಇರುತ್ತದೆ, ಹಾಡು ಹಾಕಿದ್ದರೆ ಹಾಡುತ್ತಲೇ ಇರುತ್ತದೆ. ಒಬ್ಬರು ವಿಂಡೋಸ್ ಹೊಸದಾಗಿ ಹಾಕಿ ಕೊಟ್ಟರು, ಏನೂ ಆಗಲಿಲ್ಲ. ಇನ್ನೊಬ್ಬರು ವೋಲ್ಟೇಜ್ ಸಮಸ್ಯೆ, ಸ್ಟೆಬಿಲೈಸರ್ ಹಾಕಿ ಅಂತಾರೆ. ಹೊಸ ಮಾನಿಟರ್ ತಗೊಳ್ಳುವುದೇ ವಾಸಿಯಾ?

ಉತ್ತರ: ವಿವರವಾಗಿ ಬರೆದಿದ್ದೀರಿ, ಒಳ್ಳೆಯದಾಯಿತು. ಅದರಲ್ಲೂ ಎರಡು ಪದ ನನ್ನ ಅರ್ಧ ಕೆಲಸ ಮುಗಿಸಿಬಿಟ್ಟವು: 'ದೀಪವೂ ಇಲ್ಲ'.

ಮಾನಿಟರ್ ಕಪ್ಪಾದ ಕೂಡಲೇ ಎಲ್ಲರೂ ಪರದೆಯನ್ನೇ ದಿಟ್ಟಿಸುತ್ತಾರೆ. ನೋಡಬೇಕಾದ್ದು ಕೆಳಗೆ ಮೂಲೆಯಲ್ಲಿರುವ ಆ ಪುಟ್ಟ ದೀಪವನ್ನು. ಅದು ಬಿಳಿ ಅಥವಾ ನೀಲಿ ಬಣ್ಣದಲ್ಲಿ ಹತ್ತಿಕೊಂಡೇ ಇದ್ದು ಪರದೆ ಮಾತ್ರ ಕಪ್ಪಾಗಿದ್ದರೆ, ಮಾನಿಟರಿಗೆ ಕರೆಂಟ್ ಇದೆ ಎಂದೇ ಅರ್ಥ. ಕಿತ್ತಳೆ ಬಣ್ಣಕ್ಕೆ ತಿರುಗಿದ್ದರೆ ಅಥವಾ ನಿಧಾನಕ್ಕೆ ಮಿಣುಕುತ್ತಿದ್ದರೆ, ಕಂಪ್ಯೂಟರಿನಿಂದ ಸಿಗ್ನಲ್ ಬರಲಿಲ್ಲ ಎಂದು ಅದು ಮತ್ತೆ ಮಲಗಿದೆ. ಪೂರ್ತಿ ಆರಿದ್ದರೆ ಮಾತ್ರ ಕರೆಂಟೇ ಹೋಗಿದೆ. (ಕೆಲವು ಮಾನಿಟರುಗಳ ಮೆನುವಿನಲ್ಲಿ ಈ ದೀಪವನ್ನೇ ಆಫ್ ಮಾಡಿಡುವ ಸೌಲಭ್ಯ ಇರುತ್ತದೆ. ನಿಮ್ಮದು ಬೇರೆ ಹೊತ್ತಿನಲ್ಲಿ ಹತ್ತುತ್ತದೆ ಎಂದಿದ್ದೀರಿ, ಹಾಗಾಗಿ ಆ ಗೊಂದಲ ಇಲ್ಲ.)

ವಿಂಡೋಸ್ ಹೆಚ್ಚೆಂದರೆ ಮಾನಿಟರನ್ನು ಮಲಗಿಸಬಲ್ಲದು. ಬಟನ್ ಒತ್ತಿದರೂ ಏಳದ ಹಾಗೆ, ಪ್ಲಗ್ ಕಿತ್ತರೆ ಮಾತ್ರ ಏಳುವ ಹಾಗೆ ಮಾಡುವುದು ಅದರ ಕೈಲಿಲ್ಲ. ಆದ್ದರಿಂದ ಫಾರ್ಮ್ಯಾಟ್ ಮಾಡಿಸಿದ್ದು ಸುಮ್ನೆ. ಇನ್ನೂ ಒಂದು ಮಾತು. ಹಾಡು ಕೇಳುತ್ತಲೇ ಇತ್ತು ಅಂದರೆ ನಿಮ್ಮ ಕಂಪ್ಯೂಟರ್ ಮಲಗಿಯೇ ಇರಲಿಲ್ಲ. ಪರದೆ ಮಾತ್ರ ಮಲಗಿತ್ತು. ಹಾಗಾಗಿ ಸಿಪಿಯುವನ್ನು ಇನ್ನು ಅನುಮಾನಿಸಬೇಕಿಲ್ಲ.

ಈಗ ಮಾನಿಟರಿನ ಒಳಗೆ ಹೋಗೋಣ. ಮಲಗಿರುವಾಗ ಅದು ಎಳೆಯುವ ವಿದ್ಯುತ್ ಸಾಮಾನ್ಯವಾಗಿ ಅರ್ಧ ವ್ಯಾಟ್‌ಗಿಂತಲೂ ಕಡಿಮೆ. ಸಿಗ್ನಲ್ ಬಂತಾ ಬಂತಾ ಎಂದು ಕಾಯುವ ಒಂದು ಚಿಪ್, ಆ ದೀಪ, ಅಷ್ಟಕ್ಕೆ ಮಾತ್ರ. ನೀವು ಮೌಸ್ ಅಲ್ಲಾಡಿಸಿದಿರಿ. ಮರುಕ್ಷಣ ಮೇನ್ ಬೋರ್ಡ್ ಏಳಬೇಕು, ಪ್ಯಾನೆಲ್ ಏಳಬೇಕು, ಎಲ್ಲಕ್ಕಿಂತ ಹೆಚ್ಚಾಗಿ ಹಿಂದಿನ ಎಲ್‌ಇಡಿ ಪಟ್ಟಿ ಪೂರ್ತಿ ಬೆಳಕು ಕೊಡಬೇಕು. 24 ಇಂಚಿನ ಮಾನಿಟರ್ ಅಂದರೆ ಸುಮಾರು 20ರಿಂದ 30 ವ್ಯಾಟ್. ಅರ್ಧ ವ್ಯಾಟ್‌ನಿಂದ ಅಲ್ಲಿಗೆ ಒಂದೇ ನೆಗೆತ. ದಿನವಿಡೀ ಹತ್ತಿಕೊಂಡಿರುವುದು, ಗೋಡೆಯ ಕರೆಂಟನ್ನು ಒಳಗಿನ ಭಾಗಗಳಿಗೆ ಹದಮಾಡಿ ಕೊಡುವ ಪವರ್ ಬೋರ್ಡಿಗೆ ದೊಡ್ಡ ಮಾತಲ್ಲ. ಕಷ್ಟ ಈ ನೆಗೆತದ್ದು.

ತೋಟದ ಮೋಟರ್ ಸ್ಟಾರ್ಟ್ ಆದಾಗ ಮನೆಯ ಬಲ್ಬು ಒಮ್ಮೆ ಮಂಕಾಗಿ ಮತ್ತೆ ಸರಿಯಾಗುತ್ತದಲ್ವಾ, ಅದೇ ತರಹ ಇಲ್ಲೂ ಒಂದು ಕ್ಷಣ ವೋಲ್ಟೇಜ್ ಕುಸಿಯುತ್ತದೆ. ಆ ಕುಸಿತ ತುಂಬಿಕೊಡಲೆಂದೇ ಪವರ್ ಬೋರ್ಡಿನ ಔಟ್‌ಪುಟ್ ಕಡೆ ಕರೆಂಟ್ ಕೂಡಿಟ್ಟುಕೊಳ್ಳುವ ಮೂರ್ನಾಲ್ಕು ಕೆಪಾಸಿಟರ್ ಕೂರಿಸಿರುತ್ತಾರೆ. ಕಿರುಬೆರಳ ತುದಿಯಷ್ಟು ದಪ್ಪದ ಉರುಟು ಡಬ್ಬಿಗಳು, ನೆತ್ತಿಯ ಮೇಲೆ ಇಂಗ್ಲಿಷಿನ ಕೆ ಅಕ್ಷರದಂತೆಯೋ ಅಡ್ಡಗೀಟಿನಂತೆಯೋ ಗೀರು. ಒಳಗೆ ಅಲ್ಯೂಮಿನಿಯಂ ಹಾಳೆ, ಅದರ ನಡುವೆ ದ್ರವದಲ್ಲಿ ನೆನೆದ ಕಾಗದ. ಬಿಸಿಗೆ ಆ ದ್ರವ ವರ್ಷಗಟ್ಟಲೆ ನಿಧಾನಕ್ಕೆ ಆರುತ್ತ ಹೋಗುತ್ತದೆ. ಆರಿದಷ್ಟೂ ಕೆಪಾಸಿಟರಿನ ಒಳತಡೆ ಏರುತ್ತದೆ. ಬೇಕಾದ ಕ್ಷಣದಲ್ಲಿ ಬೇಕಾದಷ್ಟು ಕರೆಂಟ್ ಕೊಡಲು ಆಗುವುದಿಲ್ಲ.

ಆಯುಷ್ಯದ ಲೆಕ್ಕ ಬೇಕಾ? ಡಬ್ಬಿಯ ಮೈಮೇಲೆ 105 ಡಿಗ್ರಿ ಎಂದು ಬರೆದಿರುತ್ತದೆ. ಸಾಧಾರಣ ಕೆಪಾಸಿಟರ್ ಆ ಬಿಸಿಯಲ್ಲಿ 2,000 ಗಂಟೆ ಬಾಳುತ್ತದೆ. ಬಿಸಿ ಹತ್ತು ಡಿಗ್ರಿ ಇಳಿದರೆ ಆಯುಷ್ಯ ದುಪ್ಪಟ್ಟು, ಇದು ಈ ಕಸುಬಿನವರ ಅಂದಾಜು ಸೂತ್ರ. ಮಾನಿಟರಿನ ಒಳಗೆ ಆ ಜಾಗದಲ್ಲಿ 75 ಡಿಗ್ರಿ ಇದೆ ಎಂದಿಟ್ಟುಕೊಳ್ಳಿ. 2,000 ಎಂಟು ಪಟ್ಟಾಗಿ 16,000 ಗಂಟೆ. ದಿನಕ್ಕೆ 10 ಗಂಟೆ, ವರ್ಷಕ್ಕೆ 300 ದಿನ ಅಂಗಡಿ ತೆರೆದರೆ 3,000 ಗಂಟೆ. ಐದು ವರ್ಷ ದಾಟುವ ಹೊತ್ತಿಗೆ ಖಾತೆ ಖಾಲಿ. ನಿಮ್ಮದು ಏಳನೇ ವರ್ಷ. ಮಾನಿಟರ್ ನಿಮಗೆ ಮೋಸ ಮಾಡಿಲ್ಲ.

ನೀವು ಹೇಳಿದ ಇನ್ನೆರಡು ಲಕ್ಷಣವೂ ಇದಕ್ಕೇ ಹೊಂದುತ್ತವೆ. ಬೆಳಿಗ್ಗೆ ಕಾಟ ಯಾಕೆ ಜಾಸ್ತಿ? ತಣ್ಣಗಿರುವಾಗ ಹಳೆ ಕೆಪಾಸಿಟರಿನ ಒಳತಡೆ ಇನ್ನೂ ಹೆಚ್ಚು. ಸ್ವಲ್ಪ ಬಿಸಿಯಾದ ಮೇಲೆ ಹೇಗೋ ನಿಭಾಯಿಸುತ್ತದೆ. ಪ್ಲಗ್ ಕಿತ್ತರೆ ಮಾತ್ರ ಯಾಕೆ ಬರುತ್ತದೆ? ಪವರ್ ಬೋರ್ಡಿನಲ್ಲಿ ಒಂದು ಕಾವಲುಗಾರ ಚಿಪ್ ಇದೆ. ಏನೋ ಎಡವಟ್ಟಾಗಿದೆ ಎಂದು ಅನಿಸಿದರೆ ಅದು ಸಪ್ಲೈಯನ್ನೇ ನಿಲ್ಲಿಸಿಬಿಡುತ್ತದೆ. ಕೆಲವು ಬೋರ್ಡುಗಳಲ್ಲಿ ಅದು ತಾನಾಗಿ ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಆಗ ದೀಪ ಟಿಕ್ ಟಿಕ್ ಎಂದು ಮಿಣುಕುವುದು ಕಾಣುತ್ತದೆ. ಇನ್ನು ಕೆಲವು ಹಟಮಾರಿ. ಒಮ್ಮೆ ಬೀಗ ಹಾಕಿದರೆ ಗೋಡೆಯ ಕರೆಂಟ್ ತಪ್ಪಿ, ಒಳಗಿನ ದೊಡ್ಡ ಕೆಪಾಸಿಟರ್ ಖಾಲಿಯಾಗುವ ತನಕ ತೆಗೆಯುವುದಿಲ್ಲ. ನೀವು ಕಾಯುತ್ತಿರುವ ಆ ಹತ್ತು ನಿಮಿಷ ಅದಕ್ಕೇ.

ಇಷ್ಟೆಲ್ಲ ಹೇಳಿದರೂ ಇದು ಕೂತಲ್ಲಿಂದ ಮಾಡಿದ ಊಹೆ. ಖಾತ್ರಿ ಮಾಡಿಕೊಳ್ಳಲು ಮಾನಿಟರ್ ಬಿಚ್ಚಬೇಕಿಲ್ಲ, ಸ್ಕ್ರೂಡ್ರೈವರೂ ಬೇಡ.

ಮೊದಲು ಬೆಳಕಿನ ಪರೀಕ್ಷೆ. ನನಗೆ ಇದೇ ಎಲ್ಲಕ್ಕಿಂತ ಇಷ್ಟ. ಸಂಜೆ ಮಾನಿಟರ್ ಚೆನ್ನಾಗಿ ನಡೆಯುತ್ತಿರುವಾಗ ಅದರದ್ದೇ ಮೆನುವಿಗೆ ಹೋಗಿ ಬ್ರೈಟ್‌ನೆಸ್ 20ಕ್ಕೆ ಇಳಿಸಿ. ಲಗ್ನಪತ್ರಿಕೆಯ ಬಣ್ಣ ನೋಡುವವರು ಸಾಮಾನ್ಯವಾಗಿ 100ರಲ್ಲಿ ಇಟ್ಟಿರುತ್ತೀರಿ, ಗೊತ್ತು. ಒಂದು ದಿನದ ಮಟ್ಟಿಗೆ ಸಹಿಸಿಕೊಳ್ಳಿ. ಮಾರನೇ ದಿನ ಬೆಳಿಗ್ಗೆ ಆನ್ ಮಾಡಿ, ಮಧ್ಯಾಹ್ನ ಮಲಗಿಸಿ ಎಬ್ಬಿಸಿ. ಒಂದೇ ಸಲಕ್ಕೆ ಎದ್ದರೆ ರೋಗ ಸಿಕ್ಕಿತು. ಬೆಳಕು ಕಡಿಮೆ ಮಾಡಿದಾಗ ನೆಗೆತದ ಎತ್ತರ ಕಡಿಮೆಯಾಯಿತು, ಸೋತ ಪವರ್ ಬೋರ್ಡ್ ಅಷ್ಟನ್ನು ಹಾರಿತು. ಮತ್ತೆ 100ಕ್ಕೆ ಏರಿಸಿ, ಮಲಗಿಸಿ, ಎಬ್ಬಿಸಿ. ಸತ್ತರೆ ಇನ್ನು ಅನುಮಾನವೇ ಬೇಡ.

ಆಮೇಲೆ ಕೇಬಲ್ ಇಲ್ಲದೆ ನೋಡಿ. ಎಚ್‌ಡಿಎಂಐ ಕೇಬಲನ್ನು ಮಾನಿಟರಿನ ಹಿಂದಿನಿಂದ ಕಿತ್ತು, ಮಾನಿಟರ್ ಒಂದನ್ನೇ ಆನ್ ಮಾಡಿ. ಸಿಗ್ನಲ್ ಇಲ್ಲ ಎಂಬ ಸಂದೇಶ ತೋರಿಸಿ ಸ್ವಲ್ಪ ಹೊತ್ತಿಗೆ ಅದು ಮಲಗಬೇಕು, ದೀಪ ಕಿತ್ತಳೆಯಾಗಬೇಕು ಅಥವಾ ಮಿಣುಕಬೇಕು. ಆ ಸಂದೇಶ ತೋರಿಸುವಷ್ಟರಲ್ಲೇ ದೀಪ ಸಮೇತ ಸತ್ತರೆ ಕಂಪ್ಯೂಟರಿಗೂ ಇದಕ್ಕೂ ಸಂಬಂಧವೇ ಇಲ್ಲ ಎಂದು ಯಾರ ಮುಂದೆ ಬೇಕಾದರೂ ಹೇಳಬಹುದು.

ಇದರ ನಡುವೆ ಪವರ್ ಕಾರ್ಡನ್ನು ಮರೆಯಬೇಡಿ. ಸಿಪಿಯುಗೆ ಹಾಕುವಂಥದ್ದೇ ಮೂರು ತೂತಿನ ಕಾರ್ಡ್ ಆಗಿದ್ದರೆ ಎರಡನ್ನೂ ಅದಲು ಬದಲು ಮಾಡಿ ನೋಡಿ. ಸ್ಪೈಕ್ ಬಸ್ಟರ್ ಬಿಟ್ಟು ನೇರ ಗೋಡೆಯ ಸಾಕೆಟ್ಟಿಗೆ ಹಾಕಿ ಒಂದು ದಿನ ನಡೆಸಿ. ಹಳೆ ಸ್ಪೈಕ್ ಬಸ್ಟರಿನ ಒಳಗಿನ ಹಿತ್ತಾಳೆ ಪಟ್ಟಿ ಸಡಿಲವಾಗಿರುತ್ತದೆ. ಸಣ್ಣ ಲೋಡಿಗೆ ಸಾಕಾಗುವ ಸಂಪರ್ಕ ದೊಡ್ಡ ಲೋಡ್ ಬಿದ್ದಾಗ ಕಿಡಿ ಹಾರಿಸಿ ತಪ್ಪುತ್ತದೆ. ಪ್ಲಗ್ಗಿನ ಪಿನ್ನು ಕಪ್ಪಾಗಿದೆಯಾ, ಮುಟ್ಟಿದರೆ ಬಿಸಿ ಇದೆಯಾ ನೋಡಿ. ಇಲ್ಲಿ ನನ್ನ ಅವಮಾನದ ಕತೆಯೊಂದಿದೆ. ಕೆಲವು ವರ್ಷದ ಹಿಂದೆ ನನ್ನ ಸ್ವಂತ ಮಾನಿಟರ್ ಹೀಗೇ ಮಾಡತೊಡಗಿತು. ಎರಡು ವಾರ ಡ್ರೈವರ್ ಬದಲಿಸಿದೆ, ಸ್ಲೀಪ್ ಸೆಟ್ಟಿಂಗ್ ತಿರುವಿದೆ, ಬಯೋಸ್ ಕೂಡ ಅಪ್‌ಡೇಟ್ ಮಾಡಿದೆ. ಕೊನೆಗೆ ನೆಲ ಒರೆಸುವಾಗ ಹೆಂಡತಿ ಹೇಳಿದಳು, 'ಈ ವೈರ್ ಪೂರ್ತಿ ಒಳಗೆ ಹೋಗಿಲ್ಲ ನೋಡಿ.' ಬೆರಳಲ್ಲಿ ಒತ್ತಿದರೆ ಟಕ್ ಎಂದು ಇನ್ನೂ ಅರ್ಧ ಸೆಂಟಿಮೀಟರ್ ಒಳಗೆ ಹೋಯಿತು. ಅಂದಿನಿಂದ ಎಲ್ಲಕ್ಕೂ ಮೊದಲು ವೈರ್ ಒತ್ತಿ ನೋಡುತ್ತೇನೆ.

ಸ್ಟೆಬಿಲೈಸರ್ ವಿಷಯಕ್ಕೆ ಬಂದರೆ, ಅದಕ್ಕೆ ದುಡ್ಡು ಹಾಕಬೇಡಿ. ಮಾನಿಟರಿನ ಹಿಂದಿನ ಚೀಟಿ ಓದಿ. 100-240 ವೋಲ್ಟ್, 50/60 ಹರ್ಟ್ಸ್ ಎಂದಿರುತ್ತದೆ. ಸಂಜೆ ಹೊತ್ತು 230 ಇರಬೇಕಾದಲ್ಲಿ 170ಕ್ಕೆ ಇಳಿದರೂ ಅದಕ್ಕೆ ಲೆಕ್ಕಕ್ಕಿಲ್ಲ. ಫ್ರಿಜ್ಜಿಗೆ ಬೇಕಾದ ಮದ್ದು ಇದಕ್ಕೆ ಬೇಡ.

ಮಲೆನಾಡಿನವರಾದ್ದರಿಂದ ಇನ್ನೊಂದು ಸಾಧ್ಯತೆಯನ್ನೂ ಹೇಳಬೇಕು. ಮಾನಿಟರಿನ ಪವರ್ ಬಟನ್ನಿನ ಹಿಂದೆ ಒಂದು ಪುಟ್ಟ ಸ್ವಿಚ್ ಇರುತ್ತದೆ. ಮಳೆಗಾಲದ ತೇವ, ಧೂಳು ಸೇರಿ ಅದರೊಳಗೆ ತುಕ್ಕು ಹಿಡಿದರೆ ಯಾರೂ ಒತ್ತದೆಯೂ ಒತ್ತಿದ ಹಾಗೆ ವರ್ತಿಸುತ್ತದೆ. ಮಾನಿಟರ್ ಎದ್ದ ಕೂಡಲೇ ತನ್ನನ್ನು ತಾನೇ ಆಫ್ ಮಾಡಿಕೊಳ್ಳುತ್ತದೆ. ಇದರ ಗುರುತು ಬೇರೆ: ಆರುವ ಮುಂಚೆ ಮೆನು ತಾನಾಗಿ ತೆರೆದುಕೊಳ್ಳುವುದು, ವಾಲ್ಯೂಮ್ ಪಟ್ಟಿ ಕಾಣಿಸುವುದು, ಬಟನ್ ಒತ್ತಿದರೆ ಒಮ್ಮೊಮ್ಮೆ ಬರುವುದು. ನಿಮ್ಮ ಮಾನಿಟರ್ ಪ್ಲಗ್ ಕಿತ್ತರೆ ಮಾತ್ರ ಬರುತ್ತದೆ, ಹಾಗಾಗಿ ನಾನು ಇದಕ್ಕೆ ಎರಡನೇ ಸ್ಥಾನ ಕೊಡುತ್ತೇನೆ. ಮೂರನೇ ಸ್ಥಾನ ಹಲ್ಲಿಗೆ. ತಮಾಷೆಯಲ್ಲ. ಬೆಚ್ಚಗಿನ ಜಾಗ ಹುಡುಕಿ ಗಾಳಿಗಂಡಿಯಲ್ಲಿ ನುಗ್ಗಿದ ಹಲ್ಲಿಮರಿ ಪವರ್ ಬೋರ್ಡಿನ ಮೇಲೆ ಒಣಗಿ ಅಂಟಿಕೊಂಡಿದ್ದನ್ನು ಕಂಡಿದ್ದೇನೆ.

ಮಾನಿಟರಿಗೆ ಲ್ಯಾಪ್‌ಟಾಪಿನಂತೆ ಹೊರಗೆ ಅಡಾಪ್ಟರ್ ಇರುವವರು ಇದನ್ನು ಓದುತ್ತಿದ್ದರೆ, ನಿಮ್ಮ ಕೆಲಸ ಸುಲಭ. ಮೇಲೆ ಹೇಳಿದ ಕೆಪಾಸಿಟರ್ ಕತೆಯೆಲ್ಲ ಆ ಕಪ್ಪು ಡಬ್ಬಿಯೊಳಗೆ ನಡೆಯುತ್ತಿದೆ. ಮಲ್ಟಿಮೀಟರ್ ಹಿಡಿದು 19 ವೋಲ್ಟ್ ಬರ್ತಾ ಇದೆ, ಅಡಾಪ್ಟರ್ ಸರಿಯಾಗಿದೆ ಎನ್ನುವವರ ಮಾತು ನಂಬಬೇಡಿ. ಲೋಡ್ ಇಲ್ಲದೆ ಅಳೆದರೆ ಸಾಯುತ್ತಿರುವ ಅಡಾಪ್ಟರೂ 19 ತೋರಿಸುತ್ತದೆ. ಅದೇ ವೋಲ್ಟೇಜಿನ, ಅಷ್ಟೇ ಅಥವಾ ಹೆಚ್ಚು ಆಂಪಿಯರ್ ಇರುವ, ಪಿನ್ ಹೊಂದುವ ಇನ್ನೊಂದನ್ನು ಹಾಕಿ ನೋಡುವುದೇ ಸರಿಯಾದ ಪರೀಕ್ಷೆ. ವೋಲ್ಟೇಜ್ ಮಾತ್ರ ಚೀಟಿಯಲ್ಲಿ ಇದ್ದಷ್ಟೇ ಇರಬೇಕು. 14 ವೋಲ್ಟಿನ ಮಾನಿಟರುಗಳೂ ಇವೆ, ಅದಕ್ಕೆ 19 ಚುಚ್ಚಿದರೆ ಮುಗಿಯಿತು.

ದೀಪ ಹತ್ತಿಕೊಂಡೇ ಇದ್ದು ಪರದೆ ಮಾತ್ರ ಕಪ್ಪು ಎನ್ನುವವರು ಕೋಣೆಯ ಲೈಟ್ ಆರಿಸಿ ಪರದೆಗೆ ಓರೆಯಾಗಿ ಟಾರ್ಚ್ ಬಿಡಿ. ಮಸುಕಾಗಿ ಐಕಾನ್‌ಗಳು ಕಂಡರೆ ಚಿತ್ರ ಇದೆ, ಹಿಂದಿನ ಬೆಳಕು ಹೋಗಿದೆ. ಏನೂ ಕಾಣದಿದ್ದರೆ ಸಿಗ್ನಲ್ ಸಮಸ್ಯೆ ಇರಬಹುದು. ವಿಂಡೋಸ್, ಕಂಟ್ರೋಲ್, ಶಿಫ್ಟ್, ಬಿ ನಾಲ್ಕನ್ನೂ ಒಟ್ಟಿಗೆ ಒತ್ತಿ. ಗ್ರಾಫಿಕ್ಸ್ ಡ್ರೈವರ್ ಒಮ್ಮೆ ಮರುಚಾಲೂ ಆಗುತ್ತದೆ, ತೆರೆದ ಫೈಲು ಹಾಳಾಗುವುದಿಲ್ಲ. ಡಿಸ್‌ಪ್ಲೇಪೋರ್ಟ್ (ಎಚ್‌ಡಿಎಂಐ ತರಹದ್ದೇ ಇನ್ನೊಂದು ಬಗೆಯ ಕೇಬಲ್) ಬಳಸುವವರು ಮಾನಿಟರಿನ ಮೆನುವಿನಲ್ಲಿ ಡೀಪ್ ಸ್ಲೀಪ್ ಎಂಬುದಿದ್ದರೆ ಆಫ್ ಮಾಡಿ. ಆ ಗಾಢನಿದ್ದೆಗೆ ಹೋದ ಮಾನಿಟರ್ ಕೇಬಲ್ಲನ್ನೇ ಕಿತ್ತ ಹಾಗೆ ಕಂಪ್ಯೂಟರಿಗೆ ಕಾಣುತ್ತದೆ. ಎರಡು ಮಾನಿಟರ್ ಇದ್ದರೆ ಕಿಟಕಿಗಳೆಲ್ಲ ಒಂದರಲ್ಲಿ ಗುಡ್ಡೆಯಾಗುವುದೂ ಇದರಿಂದಲೇ. ಅಗ್ಗದ ಡಿಸ್‌ಪ್ಲೇಪೋರ್ಟ್ ಕೇಬಲ್ಲಿನದ್ದೂ ಒಂದು ಕಿತಾಪತಿ ಇದೆ. ಆ ಕನೆಕ್ಟರಿನ 20ನೇ ಪಿನ್ನಿನಲ್ಲಿ 3.3 ವೋಲ್ಟ್ ಇರುತ್ತದೆ. ನಿಯಮದ ಪ್ರಕಾರ ಕೇಬಲ್ಲಿನ ಎರಡು ತುದಿಯ 20ನೇ ಪಿನ್ನುಗಳ ನಡುವೆ ತಂತಿ ಇರಲೇಬಾರದು. ಕೆಲವರು ಇಪ್ಪತ್ತೂ ಪಿನ್ನಿಗೆ ತಂತಿ ಎಳೆದುಬಿಡುತ್ತಾರೆ. ಆಗ ಮಾನಿಟರಿನ ಕರೆಂಟ್ ಗ್ರಾಫಿಕ್ಸ್ ಕಾರ್ಡಿಗೆ, ಕಾರ್ಡಿನದ್ದು ಮಾನಿಟರಿಗೆ ಹಿಮ್ಮುಖವಾಗಿ ನುಗ್ಗಿ ಏಳುವಾಗ, ಆನ್ ಆಗುವಾಗ ವಿಚಿತ್ರ ಆಟವಾಡುತ್ತವೆ. ಕೇಬಲ್ ಬದಲಿಸಿದರೆ ಮಾಯ. ನಿಮ್ಮದು ಎಚ್‌ಡಿಎಂಐ ಆಗಿದ್ದರೆ ಈ ತಲೆನೋವಿಲ್ಲ.

ಈಗ ನಿಮ್ಮ ಕೊನೇ ಪ್ರಶ್ನೆ, ಹೊಸದು ತಗೊಳ್ಳೋದಾ? ಇಲ್ಲ, ಮೊದಲು ರಿಪೇರಿಗೆ ಕೊಡಿ. ಆದರೆ ನೀವೇ ಬಿಚ್ಚಬೇಡಿ. ಗೋಡೆಯ 230 ವೋಲ್ಟ್ ಒಳಗೆ ಹೋಗಿ ನೇರ ವಿದ್ಯುತ್ತಾದಾಗ ಸುಮಾರು 325 ವೋಲ್ಟ್ ಆಗುತ್ತದೆ. ಅದನ್ನು ಹಿಡಿದಿಟ್ಟುಕೊಳ್ಳುವ ದೊಡ್ಡ ಕೆಪಾಸಿಟರ್ ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಒದೆಯಬಲ್ಲದು. ಯೂಟ್ಯೂಬ್ ನೋಡಿಕೊಂಡು ಚಾಕುವಿನಲ್ಲಿ ಮಾನಿಟರಿನ ಅಂಚು ಮೀಟಿದವರ ಪ್ಯಾನೆಲ್ ಬಿರುಕು ಬಿಟ್ಟಿದ್ದೂ ಉಂಟು. ಪ್ಯಾನೆಲ್ ಒಡೆದರೆ ಆಗ ಮಾತ್ರ ನಿಜಕ್ಕೂ ಹೊಸದೇ ಗತಿ.

ಟಿವಿ ರಿಪೇರಿ ಮಾಡುವ, ಬೆಸುಗೆ ಹಾಕಲು ಬರುವ ಒಬ್ಬರ ಹತ್ತಿರ ಒಯ್ಯಿರಿ. ಫಾರ್ಮ್ಯಾಟ್ ಮಾಡಿಕೊಡುವ ಅಂಗಡಿ ಇದಕ್ಕೆ ಬೇಡ. 'ಪವರ್ ಬೋರ್ಡಿನ ಔಟ್‌ಪುಟ್ ಕೆಪಾಸಿಟರ್ ನೋಡಿ' ಎಂದರೆ ಅವರಿಗೆ ಅರ್ಥವಾಗುತ್ತದೆ. ನೆತ್ತಿ ಊದಿದ್ದರೆ ಬರಿಗಣ್ಣಿಗೇ ಕಾಣುತ್ತದೆ. ಚಪ್ಪಟೆ ಇರಬೇಕಾದ ಮುಚ್ಚಳ ಪೂರಿಯ ಹಾಗೆ ಉಬ್ಬಿರುತ್ತದೆ, ಕೆಲವೊಮ್ಮೆ ಗೀರಿನಿಂದ ಕಂದು ಬಣ್ಣದ ರಸ ಸೋರಿರುತ್ತದೆ. ಊದದೆಯೂ ಕೆಟ್ಟಿರಬಹುದು. ಅದಕ್ಕೇ ಇಎಸ್‌ಆರ್, ಅಂದರೆ ಮೇಲೆ ಹೇಳಿದ ಒಳತಡೆ, ಅಳೆಯುವ ಮೀಟರ್ ಇರುವವರಾದರೆ ಇನ್ನೂ ಒಳ್ಳೆಯದು. ಬದಲಿಸುವಾಗ ಮೂರು ವಿಷಯ ಕೇಳಿ: ಮೈಕ್ರೋಫ್ಯಾರಡ್ ಅಷ್ಟೇ ಇರಲಿ, ವೋಲ್ಟ್ ಅಷ್ಟೇ ಅಥವಾ ಜಾಸ್ತಿ ಇರಲಿ, 105 ಡಿಗ್ರಿಯ ಲೋ ಇಎಸ್‌ಆರ್ ಮಾಲು ಇರಲಿ. 85 ಡಿಗ್ರಿಯದ್ದು ಹಾಕಿದರೆ ಬೇಗನೆ ಇದೇ ಕತೆ. ಔಟ್‌ಪುಟ್ ಕಡೆಯದ್ದೆಲ್ಲ ಒಟ್ಟಿಗೇ ಬದಲಿಸಲಿ. ಒಂದೇ ವಯಸ್ಸಿನವು, ಒಂದು ಊದಿತೆಂದರೆ ಉಳಿದವೂ ಸಾಲಿನಲ್ಲಿವೆ. ಜೊತೆಗೆ ಕಂಟ್ರೋಲ್ ಚಿಪ್ಪಿನ ಪಕ್ಕದ ಸಣ್ಣ ಕೆಪಾಸಿಟರನ್ನೂ ಬದಲಿಸಲು ಹೇಳಿ. ಮಾನಿಟರ್ ಮಲಗಿರುವಾಗ ಪವರ್ ಬೋರ್ಡ್ ಪೂರ್ತಿ ಓಡುವುದಿಲ್ಲ, ಆಗಾಗ ಒಂದು ಕುಟುಕು ಕರೆಂಟ್ ಕೊಟ್ಟು ಸುಮ್ಮನಾಗುತ್ತದೆ. ಎರಡು ಕುಟುಕಿನ ನಡುವೆ ಚಿಪ್ಪನ್ನು ಎಚ್ಚರವಾಗಿ ಇಡುವುದು ಆ ಸಣ್ಣ ಕೆಪಾಸಿಟರ್. ಅದು ಒಣಗಿದ್ದರೂ ನಿಮ್ಮ ಲಕ್ಷಣಗಳೇ ಬರುತ್ತವೆ. ಅದು ಊದುವುದು ಅಪರೂಪ, ಆದ್ದರಿಂದ ಬರಿಗಣ್ಣಿಗೆ ತಪ್ಪಿಸಿಕೊಳ್ಳುತ್ತದೆ.

ಬಿಡಿಭಾಗದ ಖರ್ಚು ಏನೂ ಅಲ್ಲ, ಕೊಡುವುದೆಲ್ಲ ಕೈಕೆಲಸಕ್ಕೆ. ಅವರು ಪವರ್ ಬೋರ್ಡೇ ಬದಲಿಸಬೇಕು ಎಂದು ಹೊಸ ಮಾನಿಟರಿನ ಬೆಲೆಯ ಅರ್ಧದಷ್ಟು ಕೇಳಿದರೆ ಮಾತ್ರ ಹೊಸದರ ಯೋಚನೆ ಮಾಡಿ.

ಅಲ್ಲಿಯ ತನಕ ಬ್ರೈಟ್‌ನೆಸ್ 30-40ರಲ್ಲಿಡಿ. ಕೆಲಸದ ಹೊತ್ತಿನಲ್ಲಿ ವಿಂಡೋಸ್ ಸೆಟ್ಟಿಂಗಿನ ಪವರ್ ವಿಭಾಗದಲ್ಲಿ ಪರದೆ ಆಫ್ ಆಗುವ ಸಮಯವನ್ನು ನೆವರ್ ಎಂದು ಮಾಡಿಕೊಳ್ಳಿ. ರಾತ್ರಿ ಮಾತ್ರ ಸ್ವಿಚ್ಚಿನಲ್ಲೇ ಆರಿಸಿ ಹೋಗಿ. ಪರದೆ ಸತ್ತಾಗ ಗಾಬರಿಯಲ್ಲಿ ಸಿಪಿಯು ಪ್ಲಗ್ ಕೀಳಬೇಡಿ. ಅದು ಎಚ್ಚರವಾಗೇ ಇದೆ. ಕಣ್ಣಿಗೆ ಕಾಣದಿದ್ದರೂ ಕಂಟ್ರೋಲ್ ಎಸ್ ಒತ್ತಿದರೆ ಒಮ್ಮೆಯಾದರೂ ಸೇವ್ ಆಗಿದ್ದ ಫೈಲು ಮತ್ತೆ ಸೇವ್ ಆಗುತ್ತದೆ.

ಅಂಗಡಿಗೆ ಒಯ್ಯುವಾಗ ಮಾನಿಟರ್ ಜೊತೆ ನಿಮ್ಮದೇ ಪವರ್ ಕಾರ್ಡ್ ಕೂಡ ಒಯ್ಯಿರಿ. ಮತ್ತೆ ಅವರಿಗೆ ಒಂದು ಮಾತು ಬಿಡಿಸಿ ಹೇಳಿ: 'ಈಗ ಹಾಕಿ ನೋಡಿದರೆ ಸರಿಯಾಗೇ ಬರಬಹುದು. ರಾತ್ರಿ ಪ್ಲಗ್ ಕಿತ್ತಿಟ್ಟು, ಬೆಳಿಗ್ಗೆ ಅಂಗಡಿ ತೆರೆದ ಕೂಡಲೇ ಬ್ರೈಟ್‌ನೆಸ್ 100ರಲ್ಲಿ ಆನ್ ಮಾಡಿ.' ಇಷ್ಟು ಹೇಳದಿದ್ದರೆ ಬೆಚ್ಚಗಿರುವ ಮಾನಿಟರ್ ಅವರ ಮೇಜಿನ ಮೇಲೆ ಸಂಜೆ ತನಕ ಗುಣವಂತನ ಹಾಗೆ ನಡೆದು, 'ಏನೂ ತೊಂದರೆ ಇಲ್ಲ ಮೇಡಂ' ಎಂದು ವಾಪಸ್ ಬಂದೀತು.